ಸ್ಮಿತ್ ಆಡಿದ ಭಾನುವಾರ

ನಮ್ಮ ಮಿಲ್‌ಬರ್ಗ್ ಬ್ಲೂಸ್ ಫುಟ್‌ಬಾಲ್ ತಂಡಕ್ಕೆ ಅದು ಎರಡನೆಯ ವರ್ಷ. ತಂಡ ಎಂದರೆ ಏನೇನೋ ಊಹಿಸಿಕೊಳ್ಳಬೇಡಿ. ವಾರವಿಡೀ ಉಕ್ಕಿನ ಕಾರ್ಖಾನೆಯಲ್ಲಿ ಬೆವರು ಸುರಿಸಿ, ಭಾನುವಾರ ಚರ್ಚು ಮುಗಿಸಿಕೊಂಡು, ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಮೂಗು ಒಡೆಸಿಕೊಳ್ಳುವ ಹನ್ನೊಂದು ಮಂದಿ. ಟಿಕೆಟ್ಟಿನ ದುಡ್ಡಿನಲ್ಲಿ ನಮಗೂ ಪಾಲಿತ್ತು, ಆದ್ದರಿಂದ ನಾವು ವೃತ್ತಿಪರರು. ಹಾಗಂತ ಹೇಳಿಕೊಂಡು ತಿರುಗುತ್ತಿದ್ದೆವು.

ನನ್ನ ಪಕ್ಕದ ಮನೆಯ ಮಾಟೂಷ್ ಹುದಾಕ್ ನಮ್ಮ ಓಟಗಾರ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ, ಅವನು ಬಗಲಿಗಿಟ್ಟುಕೊಂಡು ಹೊರಟರೆ ಹಿಡಿಯುವುದು ಕಷ್ಟ. ಅವನಿಗಿದ್ದ ಆಸೆ ಒಂದೇ, ಅಪ್ಪ ಒಂದು ಸಲ ಬಂದು ನೋಡಬೇಕು. ಆದರೆ ಸ್ಲೊವಾಕ್ ಹಳ್ಳಿಯಿಂದ ಹಡಗು ಹತ್ತಿ ಬಂದಿದ್ದ ಅವನಪ್ಪ ಒಂದ್ರೇಯ್ ಮಾಮ ಬಯಲಿನ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

"ದೊಡ್ಡೋರೆಲ್ಲ ಸೇರ್ಕೊಂಡು ಒಂದು ಚರ್ಮದ ಉಂಡೆಗೆ ಹೊಡೆದಾಡೋದು, ಅದನ್ನ ನಾನು ನೋಡ್ಬೇಕಾ? ಮೊದ್ಲು ಎಡಗಾಲು ಎಳೀದೆ ನೆಟ್ಟಗೆ ನಡಿಯೋದು ಕಲಿ. ಬೂಟು ಸವೆದುಹೋಗ್ತಿದೆ," ಎನ್ನುತ್ತಿದ್ದರು.

ವರ್ಷದ ಕೊನೆಯ ಆಟ ನದಿಯಾಚೆಯ ಹಾರ್ಲೋ ಊರಿನ ಮೇಲೆ. ನಮ್ಮ ಮ್ಯಾನೇಜರ್ ಕ್ಲೆಮ್ ಹಾಫ್ನರ್, ಹೆಂಡದಂಗಡಿಯ ಯಜಮಾನ, ಆಗ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದ. ಕಾಲೇಜಿನ ಹೆಸರಾಂತ ಆಟಗಾರನೊಬ್ಬನನ್ನು ಗುಟ್ಟಾಗಿ ಬಾಡಿಗೆಗೆ ಕರೆಸಿದ. ದುಡ್ಡಿಗೆ ಆಡಿದ್ದು ಗೊತ್ತಾದರೆ ಕಾಲೇಜಿನವರು ಹೊರಗೆ ಹಾಕುತ್ತಾರೆ, ಅದಕ್ಕೇ ಅವನ ಹೆಸರು ಸ್ಮಿತ್. ಇಂಥವರೆಲ್ಲರ ಹೆಸರೂ ಸ್ಮಿತ್ತೇ. ಆ ವರ್ಷ ಓಹಾಯೋದಲ್ಲಿ ಸ್ಮಿತ್‌ಗಳ ಸುಗ್ಗಿ. ಊರ ಗೋಡೆಗಳ ಮೇಲೆಲ್ಲ ಸ್ಮಿತ್ ಬರುತ್ತಿದ್ದಾನೆಂದು ಹಾಳೆ ಅಂಟಿಸಿದರು.

ಸ್ಮಿತ್ ಆಡಬೇಕಾದದ್ದು ಮಾಟೂಷನ ಜಾಗದಲ್ಲಿ. ಹೋಟೆಲಿನಲ್ಲಿಟ್ಟರೆ ಹಾರ್ಲೋದವರು ಗುರುತು ಹಿಡಿದು ಕಾಲೇಜಿಗೆ ಚಾಡಿ ಹೇಳುತ್ತಾರೆಂದು ಅವನನ್ನು ಉಳಿಸಿದ್ದೂ ಮಾಟೂಷನ ಮನೆಯಲ್ಲೇ. ಗಾಯದ ಮೇಲೆ ಬರೆ ಎಳೆಯುವುದರಲ್ಲಿ ಕ್ಲೆಮ್‌ದು ಎತ್ತಿದ ಕೈ.

ಭಾನುವಾರ ಮಧ್ಯಾಹ್ನ ನಾನೂ ಅಲ್ಲೇ ಊಟಕ್ಕಿದ್ದೆ. ಮಾಟೂಷನ ತಾಯಿ ಜುಜಾನಾ ಎಲೆಕೋಸು ಹಾಕಿ ಹುರಿದ ಹಲೂಷ್ಕಿ ಎಂಬ ಹಿಟ್ಟಿನ ತುಣುಕುಗಳು, ಸಾಸೇಜು, ಗಸಗಸೆ ತುಂಬಿದ ರೊಟ್ಟಿ ಬಡಿಸಿದರು. ಆ ಮನೆಯಲ್ಲಿ ತಟ್ಟೆ ಖಾಲಿಯಾದರೆ ಅತಿಥಿಗೆ ಇನ್ನೂ ಹಸಿವೆಂದೇ ಅರ್ಥ. ಸಾಕಾದವರು ಎರಡು ತುತ್ತು ಉಳಿಸಬೇಕು. ಸ್ಮಿತ್ ಬೆಳೆದ ಮನೆಯಲ್ಲೋ, ತಟ್ಟೆಯಲ್ಲಿ ಉಳಿಸಿದರೆ ಅಡುಗೆ ಮಾಡಿದವರಿಗೆ ಅವಮಾನ. ಅವನು ಖಾಲಿ ಮಾಡಿದ, ಇವರು ತುಂಬಿದರು. ಅವನು ಮತ್ತೆ ಖಾಲಿ ಮಾಡಿದ.

"ಪಾಪ, ಕಾಲೇಜಲ್ಲಿ ಹೊಟ್ಟೆಗೇ ಹಾಕಲ್ಲ ಅನ್ಸತ್ತೆ," ಎಂದರು ಜುಜಾನಾ.

"ತುಂಬಾ ಚೆನ್ನಾಗಿದೆ ಅಮ್ಮಾ," ಎಂದು ಸ್ಮಿತ್ ಬೆವರೊರೆಸಿಕೊಂಡ.

"ಹಂಗಾದ್ರೆ ಇನ್ನೊಂಚೂರು!"

"ಅಮ್ಮ, ಬಿಡು ಸಾಕು, ಅವನು ಓಡ್ಬೇಕು," ಎಂದ ಮಾಟೂಷ್.

"ಓಡೋನಿಗೆ ಶಕ್ತಿ ಬೇಡ್ವಾ? ನಿನ್ನ ಜಾಗ ಹೋಯ್ತು ಅಂತ ಹೊಟ್ಟೆಕಿಚ್ಚು ಪಡ್ಬೇಡ."

ಮಾಟೂಷ್ ತನ್ನ ತಟ್ಟೆಯಲ್ಲಿ ಎರಡು ತುತ್ತು ಉಳಿಸಿ ಎದ್ದ.

ಆಟದ ಹೊತ್ತಿಗೆ ಸ್ಮಿತ್ ಹುದಾಕರ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ. ಬಯಲಿನಲ್ಲಿ ಕ್ಲೆಮ್ ತಲೆ ಚಚ್ಚಿಕೊಂಡ. ಎರಡೂ ಊರಿನವರು ಸ್ಮಿತ್‌ನನ್ನು ನೋಡಲೆಂದೇ ಟಿಕೆಟ್ ಕೊಂಡಿದ್ದರು. ಒಂದ್ರೇಯ್ ಮಾಮ ಕೂಡ! "ನಮ್ಮನೇಲಿ ಉಂಡೋನು, ಹೆಂಗೆ ಆಡ್ತಾನೋ ನೋಡ್ಬೇಕಲ್ಲ," ಎಂದು ಊಟವಾದ ಕೂಡಲೇ ಬಂದು ಬಯಲಿನ ಅಂಚಿಗೆ ಕಟ್ಟಿದ್ದ ಹಗ್ಗದ ಪಕ್ಕ ನಿಂತಿದ್ದರು.

"ಮಾಟೂಷ್, ಇವತ್ತು ನೀನೇ ಸ್ಮಿತ್," ಎಂದ ಕ್ಲೆಮ್. "ಟೋಪಿ ಕಣ್ಣಿನ ತನಕ ಎಳ್ಕೋ, ಮುಖಕ್ಕೆ ಕೆಸರು ಬಳ್ಕೋ. ಬಾಯಿ ಮಾತ್ರ ಬಿಡ್ಬೇಡ."

"ಅಪ್ಪ ಬಂದಿದಾರೆ ಕ್ಲೆಮ್. ಮೊದಲ್ನೇ ಸಲ. ಇವತ್ತೊಂದಿನ ನನ್ನ ಹೆಸರಲ್ಲೇ ಆಡ್ತೀನಿ."

"ಜನ ದುಡ್ಡು ವಾಪಸ್ ಕೇಳಿದ್ರೆ ನಿಮ್ಮಪ್ಪ ಕೊಡ್ತಾರಾ?"

ಕೆಸರು ಬಳಿದುಕೊಳ್ಳುವಾಗ ಅವನ ಕಣ್ಣು ತುಂಬಿತ್ತು.

ಮೊದಲ ಓಟಕ್ಕೇ ನಮ್ಮೂರಿಗೆಲ್ಲ ಗೊತ್ತಾಗಿಹೋಯಿತು. ದಿನಾ ಅವನ ಜೊತೆ ಕುಲುಮೆಯ ಮುಂದೆ ನಿಲ್ಲುವವರಲ್ಲವೇ? ಆದರೆ ಹಾರ್ಲೋದವರ ಎದುರು ಮಾನ ಉಳಿಯಬೇಕಲ್ಲ. ಎಲ್ಲರೂ ಗಂಟಲು ಹರಿಯುವಂತೆ "ಸ್ಮಿತ್! ಸ್ಮಿತ್!" ಎಂದು ಕೂಗಿದರು. ಜ್ಞಾನಸ್ನಾನ ಮಾಡಿಸಿ ಅವನಿಗೆ ಮಾಟೂಷ್ ಎಂದು ಹೆಸರಿಟ್ಟ ಪಾದ್ರಿಯೂ ಕೂಗಿದರು. ಒಂದ್ರೇಯ್ ಮಾಮ ಮಾತ್ರ ಕೂಗಲಿಲ್ಲ. ಕೈಕಟ್ಟಿ ನಿಂತು ನೋಡುತ್ತಿದ್ದರು.

ಆಟ ಮುಗಿಯುತ್ತ ಬಂದಾಗ ಹಾರ್ಲೋದವರು ಆರು ಅಂಕ ಮುಂದಿದ್ದರು. ಆಗ ಮಾಟೂಷ್ ಚೆಂಡು ಹಿಡಿದು ಹಗ್ಗದ ಗುಂಟ ಓಡಿದ. ಇಬ್ಬರು ಅಂಗಿಗೆ ಜೋತುಬಿದ್ದರೂ ಅವರನ್ನು ಎಳೆದುಕೊಂಡೇ ಗೆರೆ ದಾಟಿದ. ಅದಕ್ಕೆ ಆರು ಅಂಕ, ಆಟ ಸಮವಾಯಿತು. ಗೆಲ್ಲಲು ಬೇಕಿದ್ದ ಇನ್ನೊಂದು ಅಂಕಕ್ಕೆ ಚೆಂಡನ್ನು ಕಂಬಗಳ ನಡುವೆ ಒದೆಯುವ ಕೆಲಸ ನನ್ನದಿತ್ತು. ಆ ವಿಷಯ ಈಗ ಬೇಡ.

ಸಂಜೆ ಮತ್ತೆ ಅದೇ ಮೇಜಿಗೆ ಕೂತೆವು. ಒಂದ್ರೇಯ್ ಮಾಮ ಟೋಪಿ ತೆಗೆದಿಟ್ಟು ತಮ್ಮ ಕುರ್ಚಿಗೆ ಬಂದರು.

"ಸ್ಮಿತ್ ಚೆನ್ನಾಗಿ ಆಡ್ದ," ಎಂದರು.

ಒಳಕೋಣೆಯ ಮಂಚದಿಂದ ಸ್ಮಿತ್ ನರಳಿದ್ದು ಕೇಳಿಸಿತು. ಮಾಮ ಆ ಕಡೆ ತಿರುಗಲೂ ಇಲ್ಲ.

"ಹೂಂ ಅಪ್ಪ," ಎಂದ ಮಾಟೂಷ್, ತಲೆ ಎತ್ತದೆ. ಅವನ ಕಿವಿಯ ಹಿಂದೆ ಇನ್ನೂ ಕೆಸರಿತ್ತು.

"ಮುಂದಿನ ವರ್ಷಾನೂ ಆಡ್ತಾನಾ?"

"ಗೊತ್ತಿಲ್ಲ. ಕರೆದ್ರೆ ಆಡ್ತಾನೆ."

ಮಾಮ ಎಲ್ಲಕ್ಕಿಂತ ದೊಡ್ಡ ಸಾಸೇಜನ್ನು ಆರಿಸಿ ಮಗನ ತಟ್ಟೆಗೆ ಹಾಕಿದರು.

"ಆಡ್ಲಿ, ನಾನು ಬರ್ತೀನಿ. ಎಡಗಾಲು ಎಳೀಬೇಡ ಅಂತ ಮಾತ್ರ ಅವನಿಗೆ ಹೇಳು. ನಡಿಯೋದು ಕಲಿತಾಗಿಂದ ಹೇಳ್ತಾನೇ ಇದೀನಿ, ಕೇಳೋದೇ ಇಲ್ಲ."