ಕರೆಮ್ಮ ಎತ್ತಿದ ಕೈ

ಶಹಾಪುರದ ಕಾಲೇಜೊಂದರಲ್ಲಿ ಸುನಿತಾ ಮನಃಶಾಸ್ತ್ರ ಕಲಿಸುತ್ತಾಳೆ. ಮನುಷ್ಯ ತಾನೇ ಆರಿಸಿಕೊಂಡು ನಡೆಯುತ್ತಾನೋ, ಬೆಳೆದು ಬಂದ ಬಗೆ ಅವನನ್ನು ನಡೆಸುತ್ತದೋ ಎಂಬ ಪಾಠ ಆ ವಾರ ನಡೆದಿತ್ತು. ಎರಡೂ ಕಡೆಯ ವಾದ ಅವಳಿಗೆ ಬಾಯಿಪಾಠ. ಆದರೆ ಆ ಬೆಳಿಗ್ಗೆ, ಜಡೆ ಹಾಕುವಾಗ ಮಿಸುಕಾಡಿದಳೆಂದು ಹತ್ತು ವರ್ಷದ ಮಗಳು ಕಸ್ತೂರಿಯ ಕೆನ್ನೆಗೆ ಬಾರಿಸಿದ್ದಳು. ಆ ತಿಂಗಳಲ್ಲಿ ಅದು ಮೂರನೆಯ ಸಲ. ಹುಡುಗಿ ಅರ್ಧ ಜಡೆಯಲ್ಲೇ ಪಾಟಿಚೀಲ ಎತ್ತಿಕೊಂಡು ಶಾಲೆಗೆ ಹೋದಳು.

'ನಮ್ಮವ್ವನೂ ಹೀಗೇ ಹೊಡೆಯುತ್ತಿದ್ದಳು, ಅದೇ ಕೈ ನನಗೆ ಬಂದಿದೆ' ಎಂದು ಸುನಿತಾ ದಿನವಿಡೀ ಸಮಾಧಾನ ಮಾಡಿಕೊಳ್ಳಲು ನೋಡಿದಳು. ಸಮಾಧಾನದ ಬದಲು ಹೆದರಿಕೆ ಹುಟ್ಟಿತು. ಹಾಗಾದರೆ ಇದು ನಿಲ್ಲುವುದೇ ಇಲ್ಲವೆ?

ಸಂಜೆ ರೊಟ್ಟಿ ಒಯ್ಯಲು ಕರೆಮ್ಮನ ಮನೆಗೆ ಹೋದಳು. ಸೊಸೆ ಸರಿತಾಳ ಜೊತೆ ಜೋಳದ ರೊಟ್ಟಿ ಮಾಡಿ ಮಾರುವವಳು ಕರೆಮ್ಮ. ಆ ಹೊತ್ತು ಒಲೆಯ ಮುಂದೆ ಗದ್ದಲ. ಸರಿತಾ ಕುದಿಯುವ ನೀರು ಮರೆತು ತಣ್ಣೀರಿನಲ್ಲೇ ಹಿಟ್ಟು ನಾದಿಬಿಟ್ಟಿದ್ದಳು. ತಟ್ಟಿದ ರೊಟ್ಟಿ ಅಂಚಿನಿಂದ ಸೀಳುತ್ತಿತ್ತು, ಎತ್ತಿದರೆ ಮೂರು ಚೂರು. ಮದುವೆ ಮನೆಗೆ ನೂರು ರೊಟ್ಟಿ ಹೋಗಬೇಕಿತ್ತು.

ಕರೆಮ್ಮನ ಕೈ ಮೇಲೆದ್ದಿತು. ಬೆಚ್ಚಿದವಳು ಸುನಿತಾ, ಸರಿತಾ ಮಾತ್ರ ಒಲೆಗೆ ಕಟ್ಟಿಗೆ ನೂಕುತ್ತಲೇ ಇದ್ದಳು. ಎದ್ದ ಕೈ ಪಕ್ಕದ ನೀರಿನ ಬೋಗುಣಿಗೆ ಇಳಿದು, ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿತು.

"ತಲಿ ಎಲ್ಲಿಟ್ಟು ಬಂದೀದಿ, ತವರಮನ್ಯಾಗೇನು?"

"ಅಲ್ಲೂ ಇಲ್ಲತ್ತಿ. ಇದ್ದಿದ್ರ ಈ ಮನಿಗಿ ಬರ್ತಿದ್ನೇನು?"

ಅತ್ತೆ ಸೊಸೆ ಇಬ್ಬರೂ ನಕ್ಕರು. ಕರೆಮ್ಮನ ಮೊಣಕೈ ಕೆಳಗೆ, ತೀರಿಹೋದ ಅವಳ ಅತ್ತೆ ಹಿಂದೆ ಕಾದ ಸೌಟಿನಿಂದ ಸುಟ್ಟ ಕಲೆಗಳಿದ್ದವು. ಸುನಿತಾಗೆ ಕೇಳದೆ ಇರಲಾಗಲಿಲ್ಲ.

"ಸಿಟ್ಟು ಬರಲಿಲ್ಲೇನಬೇ?"

"ಬರಲಾರದ ಏನ್ರಿ ಅಕ್ಕೋರ? ಕೈ ನಮ್ಮತ್ತಿ ಕೊಟ್ಟದ್ದದ, ಏಳ್ತದ. ಎಲ್ಲಿ ಇಳಸಬೇಕಂಬೋದು ನಂದು. ಮೊದಮೊದಲು ಈಕಿ ಬೆನ್ನ ಮ್ಯಾಲೇ ಎರಡು ಸಲ ಇಳೀತು. ನಮ್ಮತ್ತಿ ಕಲಿಸಿದ್ದು ಅಂದೆ. ಈಕಿ ಏನಂದ್ಲು ಕೇಳ್ರಿ."

"ಸತ್ತೋರ ಮ್ಯಾಲ ಯಾಕ ಹಾಕ್ತಿ, ಹೊಡದಾಕಿ ನೀನ ಅಂದೆ," ಎಂದಳು ಸರಿತಾ.

"ಮೂರು ದಿನ ಈಕಿ ಕೂಡ ಮಾತು ಬಿಟ್ಟೆ. ನಾಲ್ಕನೇ ದಿನ ಬೋಗುಣಿ ಹತ್ರ ಸರಿಸಿಕೊಂಡೆ."

ಅಷ್ಟೇ ಎಂಬಂತೆ ಕರೆಮ್ಮ ಎಸರಿಡಲು ಎದ್ದಳು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ದಾಟದ ಆ ಹೆಂಗಸನ್ನು ಸುನಿತಾ ನೋಡುತ್ತಲೇ ನಿಂತಳು. ಅವಳಿಗೆ ನಮಸ್ಕಾರ ಮಾಡಬೇಕೆನಿಸಿತು; ಮಾಡಿದರೆ ಅತ್ತೆ ಸೊಸೆ ಇಬ್ಬರೂ ನಕ್ಕಾರೆಂದು ಸುಮ್ಮನಾದಳು.

ಮನೆಯಲ್ಲಿ ಕಸ್ತೂರಿ ಗಣಿತ ಮಾಡುತ್ತಿದ್ದಳು. ಸುನಿತಾ ಎದುರಿಗೆ ಕೂತಳು. ತನ್ನವ್ವ ಹೊಡೆಯುತ್ತಿದ್ದ ಕತೆ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿದಳು.

"ಮುಂಜಾನಿ ಹೊಡದದ್ದು ನಂದ ತಪ್ಪು."

"ಇನ್ನ ಹೊಡಿಯಂಗಿಲ್ಲೇನು?"

ಇಲ್ಲವೆಂದು ಆಣೆ ಮಾಡುವುದು ಸುಲಭವಿತ್ತು; ಸುನಿತಾ ಮಾಡಲಿಲ್ಲ. "ಸಿಟ್ಟು ಬರ್ತದ. ಬಂದಾಗ ಹೊರಗ ಹೋಗಿ ನಿಂದರ್ತೀನಿ."

ಕಸ್ತೂರಿ ಪೆನ್ಸಿಲ್ ಕಚ್ಚುತ್ತ ಯೋಚಿಸಿದಳು.

"ಆತು. ಬಾಗಲಾ ನಾ ತೆಗದು ಕೊಡ್ತೀನಿ."