ಸಾಕೋ ಸಾಲದೋ

ಪಕ್ಕದವನು ಮತ್ತೆ ಸೊರ್ ಎಂದು ಮೂಗೆಳೆದ, ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡರೂ ಕೇಳುತ್ತದೆ, ಒಂದು ಸಲ ಸೀನಿ ಮುಗಿಸಬಾರದೇ ಪ್ರಾಣಿ — ನಾಳೆ ಎಂಬಿಎ ಮಾಡಿ ಮೀಟಿಂಗಿನಲ್ಲೂ ಹೀಗೇ ಮೂಗೆಳೆಯುತ್ತಾನೆ, ಸೀಟು ಸಿಗುವುದು ಇಂಥವರಿಗೇ — ಪರದೆಯ ಮೇಲೆ ಕೊನೆಯ ಪ್ರಶ್ನೆ, ಓದು, ಒಂದು ಅಂಗಡಿಯ ಲಾಭ ಈ ವರ್ಷ ಹೆಚ್ಚಿತೇ? ಒಂದು, ಮಾರಾಟ ಹೆಚ್ಚಿತು. ಎರಡು, ಖರ್ಚು ಇಳಿಯಿತು. ಉತ್ತರ ಬೇಡ ಇವರಿಗೆ, ಕೊಟ್ಟ ಮಾಹಿತಿ ಸಾಕೋ ಸಾಲದೋ ಅಷ್ಟೇ ಹೇಳಬೇಕು, ಹೋದ ಸಲವೂ ಇಲ್ಲೇ ಮುಗ್ಗರಿಸಿದ್ದು, ಇಂಗ್ಲಿಷಿನಲ್ಲಿ ಕೇಳಿದರೂ ತಲೆಗೆ ಮನೆಯ ಮಾತಾಗಿಯೇ ಬಡಿಯುತ್ತದೆ, ಸಾಕು, ಸಾಕು ಎಂದರೆ ದೊಡ್ಡಪ್ಪ, ಎದುರಿಗೆ ಅವರು, ಮನಸ್ಸಿನಲ್ಲಿ ಅವನು, ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು, ಸಾಕಿದ್ದನ್ನು ತನ್ನ ಟೈಲ್ಸ್ ಅಂಗಡಿಗೆ ಬಂದ ಗಿರಾಕಿಗೆಲ್ಲ ಹೇಳಿದವನು, ತಮ್ಮನ ಮಗಳು, ನಾನೇ ಸಾಕಿದ್ದು, ಎಂದು ಟೈಲ್ಸಿನ ಜೊತೆ ನನ್ನನ್ನೂ ತೋರಿಸಿದವನು, ಊಟಕ್ಕೆ ಕೂತು ಇನ್ನೊಂದು ಸೌಟಿಗೆ ಕಾದರೆ ನನ್ನ ತಟ್ಟೆಯ ಮೇಲೆ ಅವನ ಕೈ, ಅಗಲ ಅಂಗೈ, ಒಳಕ್ಕೆ ಬಾಗಿದ ಕಿರುಬೆರಳು, ಸಾಕು, ಹೊಟ್ಟೆ ಕೆಡತ್ತೆ ಮಗಳೇ. ಅವನ ಮಗನಿಗೆ ಯಾವತ್ತೂ ಹೊಟ್ಟೆ ಕೆಡಲಿಲ್ಲ.

ಖರ್ಚು ಇಳಿಯಿತು — ಏಕೆ ಇಳಿಯಿತು, ನಾನು ಹೇಳಲಾ, ಮನೆಮಗಳಿಗೆ ಎಂಥಾ ಸಂಬಳಮ್ಮಾ ಎಂದನಲ್ಲ, ಗಿರಾಕಿಯ ಬಚ್ಚಲ ಅಳತೆ ತೆಗೆದವಳು ನಾನು, ಗೋದಾಮಿನಲ್ಲಿ ಒಡೆದದ್ದು ಆರಿಸಿದವಳು ನಾನು, ಗಲ್ಲಾದ ಹಿಂದೆ ಕೂತವನು ಅವನ ಮಗ, ಉಂಡೂ ಹೋದ ಕೊಂಡೂ ಹೋದ, ಪರೀಕ್ಷೆ ಕಟ್ಟುತ್ತೇನೆ ಎಂದಾಗ ಮತ್ತೆ ಅದೇ ಅಂಗೈ, ಓದಿದ್ದು ಸಾಕು, ಇದೊಂದು ಸಲ ಬರಿ, ಸೀಟು ಸಿಗದಿದ್ರೆ ಸೋಮವಾರದಿಂದ ತೆಪ್ಪಗೆ ಅಂಗಡಿಗೆ ಬಾ — ಅಯ್ಯೋ, ಲೆಕ್ಕ ಬಿಡಿಸುತ್ತಾ ಕೂತಿದ್ದೇನೆ, ಉತ್ತರ ಬೇಡ ಎಂದರಲ್ಲ, ಎರಡೂ ಸೇರಿದರೆ ಸಾಕು, ಕತ್ತೆಗೂ ಗೊತ್ತು, ಸಾಕು ಒತ್ತು, ಸಮಯ ಮುಗಿಯುತ್ತಿದೆ, ಒತ್ತೇ, ಒತ್ತುವುದಿಲ್ಲ, ಅವನ ಮಾತನ್ನು ನನ್ನ ಬೆರಳಿನಿಂದ ಒತ್ತುವುದಿಲ್ಲ, ಸಾಲದು, ನನಗೆ ಸಾಲದು ಕಣೋ ಮುದುಕ, ಒತ್ತಿದೆ.

ತಪ್ಪು. ಒತ್ತುವ ಮೊದಲೇ ಗೊತ್ತಿದ್ದ ತಪ್ಪು, ಪ್ರಶ್ನೆ ಹೋಯಿತು, ಕೈ ಎತ್ತಿದೆ, ಬೆಳಿಗ್ಗೆ ಬಾಗಿಲಲ್ಲಿ ಗುರುತಿಗೆಂದು ನನ್ನ ಅಂಗೈಯನ್ನು ಯಂತ್ರಕ್ಕೆ ಒತ್ತಿಸಿ ಒಳಗೆ ಬಿಟ್ಟ ಮೇಲ್ವಿಚಾರಕಿ ಸದ್ದಿಲ್ಲದೆ ಬಂದಳು, ಏನು ಬೇಕಿತ್ತು ಮೇಡಂ, ಏನು ಬೇಕಿತ್ತು, ಇಷ್ಟು ವರ್ಷ ಯಾರೂ ಕೇಳದ ಮಾತು, ಕೇಳುವುದಕ್ಕೆ ಇವಳೇ ಆಗಬೇಕಿತ್ತೇ, ಹಿಂದಿನ ಪ್ರಶ್ನೆ ಎಂದೆ, ಹಿಂದಕ್ಕೆ ಹೋಗೋಕೆ ಬರಲ್ಲ, ಕೈ ಇಳಿಸಿ ಮೇಡಂ, ಇಳಿಯುತ್ತಿಲ್ಲ, ನನ್ನದೇ ಕೈ ಪರದೆಯ ಬೆಳಕಿಗೆ ಅಡ್ಡ ನಿಂತಿದೆ, ಅಗಲ ಅಂಗೈ, ಒಳಕ್ಕೆ ಬಾಗಿದ ಕಿರುಬೆರಳು, ನನ್ನ ತಟ್ಟೆಯ ಮೇಲೆ.