ಬಚ್ಚಪ್ಪ ಸಂಘ ಸೇರಿದ್ದು

ಬೂದಿಕೋಟೆಯ ಬಚ್ಚಪ್ಪನಿಗೆ ಹಿಡಿದಿದ್ದ ಸಿನಿಮಾ ಹುಚ್ಚು ಸಣ್ಣಪುಟ್ಟದ್ದಲ್ಲ. ಉಳುವಾಗ ನೇಗಿಲು ನಿಲ್ಲಿಸಿ ಎತ್ತುಗಳ ಮುಂದೆ ಮೀಸೆ ತಿರುವುತ್ತಿದ್ದ. ಊರಲ್ಲಿ ಆಡುವ ಕೇಳಿಕೆ ಬಯಲಾಟದಲ್ಲಿ ಭೀಮನ ವೇಷ ಅವನದೇ. ಆದರೆ ಸಿನಿಮಾದಲ್ಲಿ ಗುಂಪಿನೊಳಗೊಬ್ಬನಾಗಿ ನಿಂತು ಕೂಲಿ ತಗೊಂಡು ಬರುವುದಷ್ಟೇ ಆಗಿತ್ತು. ನಟ ಅನ್ನಿಸಿಕೊಳ್ಳಬೇಕಾದರೆ ಮದರಾಸಿನ ನಟರ ಸಂಘ ಸೇರಬೇಕು. ಅಲ್ಲಿಗೆ ಸೇರುವುದು ಹೇಗೆ?

ಸಂಘದ ಕಡೆಯಿಂದ ಶೂಟಿಂಗಿಗೆ ಜನ ಕೂಡಿಸುತ್ತಿದ್ದವನು ಕೆ.ಜಿ.ಎಫ್.ನ ಕುಪ್ಪುಸ್ವಾಮಿ. ಬಚ್ಚಪ್ಪ ಅವನನ್ನೇ ಹಿಡಿದ.

“ಪರದೆ ಮೇಲೆ ಒಂದು ಮಾತಾದ್ರೂ ಆಡಿರ್ಬೇಕಪ್ಪಾ. ಆಮೇಲೇ ಸಂಘ,” ಅಂದ ಕುಪ್ಪುಸ್ವಾಮಿ.

“ಅಂಗಾರೆ ಒಂದು ಮಾತು ಕೊಡ್ಸಿ ಸಾಮಿ.”

“ಸಂಘದಲ್ಲಿ ಇಲ್ದೋನಿಗೆ ಮಾತು ಯಾರಪ್ಪಾ ಕೊಡ್ತಾರೆ?”

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗಾಯಿತು ಬಚ್ಚಪ್ಪನ ಪಾಡು!

ಅಷ್ಟರಲ್ಲಿ ಬೂದಿಕೋಟೆಯ ಬೆಟ್ಟಕ್ಕೇ ಶೂಟಿಂಗ್ ಬಂತು. ಹೆಂಡತಿ ಮುನಿರತ್ನಮ್ಮ ಸೊಂಟಕ್ಕೆ ಸೆರಗು ಸಿಗಿಸಿ ನಿಂತಳು. “ಇದೇ ಕೊನೇದು. ಈ ಸಲಾನೂ ಮೂಗನಂಗೆ ನಿಂತು ಬಂದ್ಯೋ, ಆ ಉದ್ದ ಕೂದ್ಲು ಬೋಳಿಸ್ಕೊಂಡು ಮೈನ್ಸ್‌ಗೆ ಓಗು. ನಮ್ಮಪ್ಪ ಮೇಸ್ತ್ರಿ ಅತ್ರ ಮಾತಾಡವ್ನೆ.” ನೆಲದೊಳಗೆ ಇಳಿಯುವುದನ್ನು ನೆನೆದೇ ಬಚ್ಚಪ್ಪ ಬೆವೆತ.

ಶೂಟಿಂಗಿನಲ್ಲಿ ಅವನಿಗೆ ಕಾವಲುಭಟನ ವೇಷ ಸಿಕ್ಕಿತು. ರಾಜ “ಯಾರು ನೀನು?” ಎಂದು ಕೇಳಬೇಕು, ಭಟ ಬಾಯಿ ಬಿಡದೆ ಮುದ್ರೆಯುಂಗುರ ತೋರಿಸಬೇಕು. ಮುನಿರತ್ನಮ್ಮನೂ ಊರ ಹೆಂಗಸರ ಜೊತೆ ಪ್ರಜೆಯಾಗಿ ನಿಂತಿದ್ದಳು. “ತಪ್ಪಬೇಡಿ, ಯುದ್ಧದ ಕಾಲ, ಫಿಲ್ಮು ಸಿಗೋದೇ ಕಷ್ಟ, ಉಳಿದಿರೋದೇ ಇಷ್ಟು,” ಎಂದು ಡೈರೆಕ್ಟರು ಮೊದಲೇ ಕೈಮುಗಿದು ಹೇಳಿದ್ದರು.

ಕ್ಯಾಮೆರಾ ತಿರುಗಿತು. ರಾಜ ಗುಡುಗಿದ: “ಯಾರು ನೀನು?”

ಕೇಳಿಕೆಯಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ಕೇಳುವುದು ಇದನ್ನೇ. ಕೇಳಿದ ಮೇಲೆ ಕುಲ, ಊರು, ಪ್ರತಾಪ ಎಲ್ಲ ಹೇಳದೆ ಸುಮ್ಮನಿದ್ದವನು ಆಟಗಾರನೇ ಅಲ್ಲ. ಬಚ್ಚಪ್ಪನ ಕಾಲು ತಾನಾಗಿ ಕುಣಿಯಿತು.

“ಭಲಾ! ಎನ್ನನ್ನು ಯಾರೆಂದು ಕೇಳುವಿರಾ? ಮೂರು ಲೋಕಗಳಲ್ಲಿ ಹೆಸರಾದ, ವೈರಿಗಳ ಎದೆ ನಡುಗಿಸುವ...”

ರಾಜ ಬೆಪ್ಪಾದ. ಡೈರೆಕ್ಟರು ‘ಕಟ್’ ಅನ್ನುವುದನ್ನೂ ಮರೆತು ತಲೆ ಹಿಡಿದುಕೊಂಡರು. ಬಚ್ಚಪ್ಪನ ಪ್ರತಾಪ ಮುಗಿಯುವಂತೆಯೇ ಇಲ್ಲ! ಮುನಿರತ್ನಮ್ಮನ ತಾಳ್ಮೆ ಕೆಟ್ಟಿತು.

“ಸಾಕ್ ಮಾಡಯ್ಯೋ! ರಾಜನ್ಗೂ ವಸಿ ಮಾತಾಡಾಕೆ ಬಿಡು!”

ಬೆಟ್ಟಕ್ಕೆ ಬೆಟ್ಟವೇ ನಕ್ಕಿತು. ರಾಜನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಫಿಲ್ಮು ಖಾಲಿಯಾಗಿತ್ತು.

ಸಿಟ್ಟಿನಲ್ಲಿ ಕೆಂಪಾಗಿದ್ದ ಡೈರೆಕ್ಟರು ನಗುತ್ತಿದ್ದ ಜನರತ್ತ ನೋಡಿ, “ಆ ಹೆಂಗಸಿನ ಮಾತು ಚಿನ್ನ. ಅದು ಇರಲಿ. ಈ ಭಟನ ವಟವಟ ಪೂರ್ತಿ ಕತ್ತರಿಸಿ,” ಅಂದರು.

“ಬಾಮ್ಮಾ, ನೀನು ಸಂಘಕ್ಕೆ ಸೇರಬಹುದು,” ಅಂದ ಕುಪ್ಪುಸ್ವಾಮಿ.

ಬಚ್ಚಪ್ಪ ಭಟನ ಪೇಟ ತೆಗೆದು ಕಲ್ಲಿನ ಮೇಲೆ ಕುಸಿದ. ಅವನಿಗೆ ಅಳುವೇ ಬಂತು. ಇಷ್ಟು ವರ್ಷ ಕನಸು ಕಂಡವನು ಅವನು, ಬಾಗಿಲು ತೆರೆದದ್ದು ಹೆಂಡತಿಗೆ! ಹೊಟ್ಟೆ ಉರಿಯದೆ ಇರುತ್ತದೆಯೇ?

ಮುನಿರತ್ನಮ್ಮ ಗಂಡನ ಮುಖ ನೋಡಿದಳು. ನೋಡಿ, ಸೀದಾ ಡೈರೆಕ್ಟರ ಎದುರು ಹೋಗಿ ನಿಂತಳು.

“ಸಾಮಿ, ನಾನ್ ಬೈದಿದ್ದು ಇವ್ರನ್ನ. ಇವ್ರ ಮಾತೇ ಕಿತ್ತಾಕಿದ್ರೆ ನಾನ್ ಯಾರನ್ನ ಬೈದಂಗಾಯ್ತು? ರಾಜನ್ನಾ?”

ಡೈರೆಕ್ಟರು ಹಣೆ ಚಚ್ಚಿಕೊಂಡರು. ಹೌದಲ್ಲ! “ಆ ‘ಭಲಾ’ದಿಂದ ಹಿಡಿದು ಅಷ್ಟೂ ಇರಲಿ,” ಎಂದು ಕೈಚೆಲ್ಲಿದರು.

“ಅಯ್ಯೋ ಕಡವುಳೇ, ಗಂಡ ಹೆಂಡತಿ ಇಬ್ರೂ ಬನ್ನಿ,” ಅಂದ ಕುಪ್ಪುಸ್ವಾಮಿ.

ಬಚ್ಚಪ್ಪ ಎದ್ದು ಬಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡ, ಇಡೀ ಊರಿನ ಎದುರಿಗೇ.

“ರತ್ನಾ, ಮದ್ವೆ ಆದಾಗಿಂದ ನಿನ್ ಕೈಲಿ ಬೈಸ್ಕೊಂಡಿದ್ದು ಇವತ್ತು ಸಾರ್ಥಕ ಆಯ್ತು ಕಣೇ.”

“ಕೈ ಬಿಡಯ್ಯೋ, ಜನ ನೋಡ್ತಾವ್ರೆ,” ಅಂದಳು ಮುನಿರತ್ನಮ್ಮ. ಕೈಯನ್ನೇನೂ ಎಳೆದುಕೊಳ್ಳಲಿಲ್ಲ.